ಸೆಪ್ಟಿಕ್ ಟ್ಯಾಂಕಿನ ನೀರು ಇಂಗಿಸಲು ಮಣ್ಣಿನ ಪರೀಕ್ಷೆ

ಸೆಪ್ಟಿಕ್ ಟ್ಯಾಂಕಿನಿಂದ ಹೊರಬರುವ ನೀರನ್ನು ಒಂದು ನಿವೇಶನದ ನೆಲ ಎಷ್ಟು ಹೀರಿಕೊಳ್ಳಬಲ್ಲದು, ಹೀರಿಕೊಂಡದ್ದನ್ನು ಎಷ್ಟರಮಟ್ಟಿಗೆ ಶುದ್ಧಗೊಳಿಸಬಲ್ಲದು ಎಂಬುದನ್ನು ಇಂಗುಗುಂಡಿ ಅಥವಾ ಇಂಗುಕಾಲುವೆ ತೋಡುವ ಮೊದಲೇ ಕಂಡುಕೊಳ್ಳಲು ನಡೆಸುವ ತಪಾಸಣೆಗಳಿಗೆ ಒಟ್ಟಾಗಿ ಈ ಹೆಸರು ಸಲ್ಲುತ್ತದೆ. ಗುಂಡಿ ತೆಗೆದು ಮಣ್ಣಿನ ಪದರಗಳನ್ನು ನೋಡುವುದು, ಮಳೆಗಾಲದಲ್ಲಿ ಅಂತರ್ಜಲ ಎಲ್ಲಿಯವರೆಗೆ ಏರುತ್ತದೆಂದು ಗುರುತಿಸುವುದು, ಸಣ್ಣ ಕುಳಿಯಲ್ಲಿ ನೀರು ತುಂಬಿ ಅದು ಇಂಗುವ ವೇಗ ಅಳೆಯುವುದು, ಈ ಮೂರೂ ಸೇರಿದರೆ ಪರೀಕ್ಷೆ ಪೂರ್ಣವಾಗುತ್ತದೆ. ರೂಢಿಯಲ್ಲಿ ಕೊನೆಯದೊಂದನ್ನೇ ಪರೀಕ್ಷೆ ಎಂದು ಕರೆಯುವುದುಂಟು. ಮೊದಲೆರಡನ್ನು ಬಿಟ್ಟು ಅದೊಂದನ್ನೇ ಮಾಡಿದರೆ ಕೈಗೆ ಸಿಗುವ ಅಂಕಿಗೆ ಹೆಚ್ಚು ಬೆಲೆಯಿಲ್ಲ.

ಮಣ್ಣು ಮಾಡುವ ಕೆಲಸ

ಟ್ಯಾಂಕಿನಲ್ಲಿ ಮಲದ ಗಟ್ಟಿ ಭಾಗ ತಳಕ್ಕಿಳಿದು ಕೆಸರಾಗುತ್ತದೆ, ಜಿಡ್ಡು ಮೇಲೆ ತೇಲಿ ಕೆನೆಗಟ್ಟುತ್ತದೆ, ನಡುವಿನ ನೀರು ಹೊರಕೊಳವೆಯ ಮೂಲಕ ಹೋಗುತ್ತದೆ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಕೆಸರಿನ ಒಂದು ಪಾಲನ್ನು ಕರಗಿಸುತ್ತವೆ. ಆದರೆ ಹೊರಬರುವ ನೀರು ಮಬ್ಬಾಗಿರುತ್ತದೆ, ನಾರುತ್ತದೆ. ರೋಗಾಣುಗಳ ಲೆಕ್ಕದಲ್ಲಿ ಒಳಗೆ ಬಂದ ಕೊಳಚೆಗಿಂತ ಹೇಳಿಕೊಳ್ಳುವಷ್ಟು ಮೇಲಲ್ಲ. ಟ್ಯಾಂಕು ಗಟ್ಟಿಯನ್ನು ಹಿಡಿದಿಟ್ಟುಕೊಳ್ಳುವ ತೊಟ್ಟಿ, ಅಷ್ಟೆ. ಉಳಿದ ಶುದ್ಧೀಕರಣವೆಲ್ಲ ನಡೆಯಬೇಕಾದದ್ದು ಮಣ್ಣಿನಲ್ಲಿ.

ಮಣ್ಣು ಈ ಕೆಲಸ ಮಾಡುವುದು ಅದರ ರಂಧ್ರಗಳಲ್ಲಿ ನೀರಿನ ಜೊತೆಗೆ ಗಾಳಿಯೂ ಇದ್ದಾಗ. ನೀರು ಕಣಗಳ ಮೈಗೆ ಅಂಟಿದ ತೆಳುಪದರವಾಗಿ ನಿಧಾನಕ್ಕೆ ಇಳಿಯುತ್ತದೆ. ಬ್ಯಾಕ್ಟೀರಿಯಗಳು ಸೋಸಿಹೋಗುತ್ತವೆ, ವೈರಸ್ಸುಗಳು ಜೇಡಿಯ ಕಣಗಳಿಗೂ ಕಬ್ಬಿಣದ ಆಕ್ಸೈಡುಗಳಿಗೂ ಅಂಟಿಕೊಳ್ಳುತ್ತವೆ, ಸಾವಯವ ವಸ್ತುವನ್ನು ಗಾಳಿ ಬೇಡುವ ಜೀವಿಗಳು ತಿಂದು ಮುಗಿಸುತ್ತವೆ. ಹೀಗೆ ಗಾಳಿಯಾಡುವ ಮಣ್ಣು ಕಾಲುವೆಯ ತಳದಿಂದ ಕೆಳಗೆ 60ರಿಂದ 90 ಸೆಂಟಿಮೀಟರ್ ಇದ್ದರೆ ಮಲಮೂಲದ ಬ್ಯಾಕ್ಟೀರಿಯಗಳ ಬಹುಪಾಲು ಅಲ್ಲಿಯೇ ನಿಂತುಹೋಗುತ್ತವೆ. ಅದೇ ಮಣ್ಣು ನೀರಿನಲ್ಲಿ ಮುಳುಗಿದ್ದರೆ ಹರಿವು ದೊಡ್ಡ ರಂಧ್ರಗಳನ್ನು ಹಿಡಿದು ಸಾಗುತ್ತದೆ, ಆಮ್ಲಜನಕ ಇರುವುದಿಲ್ಲ, ರೋಗಾಣು ಬಹುದೂರ ಹೋಗುತ್ತದೆ. ಆದ್ದರಿಂದ ಬೇಗ ಇಂಗುವ ನೆಲವೆಲ್ಲ ಒಳ್ಳೆಯ ನೆಲವಲ್ಲ. ದಪ್ಪ ಮರಳು ಮತ್ತು ಗರಸಿನಲ್ಲಿ ನೀರು ಕಾಣದಂತೆ ಮಾಯವಾಗುವುದು ಮನೆಯವರಿಗೆ ಅನುಕೂಲ, ಪಕ್ಕದ ಬಾವಿಗೆ ಅಪಾಯ. ಜೇಡಿಯಲ್ಲಿ ಇದು ತಿರುಗುಮುರುಗು: ಸೋಸುವ ಶಕ್ತಿ ಬೇಕಾದಷ್ಟಿದೆ, ನೀರನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ.

ಇನ್ನೊಂದು ಸಂಗತಿ ಪರೀಕ್ಷೆಯ ಫಲಿತಾಂಶವನ್ನು ಓದುವಾಗ ಸದಾ ನೆನಪಿರಬೇಕು. ಟ್ಯಾಂಕಿನ ನೀರು ಕೆಲವು ತಿಂಗಳು ಹರಿದ ಮೇಲೆ ಕಾಲುವೆಯ ತಳದಲ್ಲಿ, ಮಣ್ಣು ಮತ್ತು ಕಾಲುವೆಗೆ ತುಂಬಿದ ಜಲ್ಲಿ ಕೂಡುವೆಡೆ, ಕಪ್ಪನೆಯ ಲೋಳೆಪೊರೆಯೊಂದು ಕಟ್ಟುತ್ತದೆ. ಸೂಕ್ಷ್ಮಜೀವಿಗಳು, ಅವು ಸ್ರವಿಸಿದ ಅಂಟು, ತೇಲಿಬಂದ ಕಣಗಳು, ಕಬ್ಬಿಣದ ಸಲ್ಫೈಡು ಸೇರಿ ಆದ ಈ ಪೊರೆಯ ದಪ್ಪ ಸಾಮಾನ್ಯವಾಗಿ ಒಂದೆರಡು ಸೆಂಟಿಮೀಟರ್. ಅಲ್ಲಿಂದ ಮುಂದೆ ನೀರು ಎಷ್ಟು ಇಳಿಯಬೇಕೆಂದು ಮುಖ್ಯವಾಗಿ ನಿರ್ಧರಿಸುವುದು ಈ ಪೊರೆಯೇ. 1970ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮಣ್ಣುವಿಜ್ಞಾನಿ ಯೊಹಾನೆಸ್ ಬೌಮಾ ಮತ್ತು ಜೊತೆಗಾರರು ನಡೆಸಿದ ಕ್ಷೇತ್ರಾಧ್ಯಯನಗಳು ಇದನ್ನು ಸ್ಪಷ್ಟಪಡಿಸಿದವು. ಶುದ್ಧ ನೀರಿಗೆ ಮರಳು ಮತ್ತು ಜೇಡಿಯ ನಡುವೆ ನೂರಾರು, ಸಾವಿರಾರು ಪಟ್ಟು ಅಂತರವಿದ್ದರೂ ಪೊರೆ ಕಟ್ಟಿದ ಮೇಲೆ ಅದು ಕೆಲವೇ ಪಟ್ಟಿಗೆ ಇಳಿಯುತ್ತದೆ. ಪೊರೆ ಅಡ್ಡಿಯಷ್ಟೇ ಅಲ್ಲ. ಹರಿವನ್ನು ತಡೆದು ಅದು ತನ್ನ ಕೆಳಗಿನ ಮಣ್ಣನ್ನು ಗಾಳಿಯಾಡುವಂತೆ ಉಳಿಸುತ್ತದೆ. ಶುದ್ಧೀಕರಣಕ್ಕೆ ಅದರಿಂದ ಒಳಿತೇ ಆಗುತ್ತದೆ.

ಪರೀಕ್ಷಾ ಗುಂಡಿ

ಮಣ್ಣನ್ನು ನೋಡುವ ಗುಂಡಿ ಮನುಷ್ಯ ಇಳಿದು ನಿಲ್ಲುವಷ್ಟು ಅಗಲ, ಒಂದೂವರೆಯಿಂದ ಎರಡು ಮೀಟರ್ ಆಳ ಇರುತ್ತದೆ. ಮುಂದೆ ತೋಡಲಿರುವ ಕಾಲುವೆಯ ತಳಕ್ಕಿಂತ ಕನಿಷ್ಠ ಒಂದು ಮೀಟರಾದರೂ ಕೆಳಗಿನವರೆಗೆ ಮಣ್ಣು ಕಾಣಬೇಕೆಂಬುದು ಉದ್ದೇಶ. ಗೋಡೆ ಕುಸಿಯದಂತೆ ಒಂದು ಬದಿಯನ್ನು ಮೆಟ್ಟಿಲಾಗಿ ಕಡಿಯುವುದು ವಾಡಿಕೆ. ಸಡಿಲ ಮರಳಿನಲ್ಲಿ ಆಸರೆಯಿಲ್ಲದೆ ಇಳಿಯಬಾರದು. ಜೆಸಿಬಿಯಿಂದ ತೆಗೆದ ಗುಂಡಿಯ ಗೋಡೆ ಬಕೆಟ್ಟಿನ ಒತ್ತಡಕ್ಕೆ ಸಾರಿಸಿದಂತೆ ನುಣುಪಾಗಿ ಹೊಳೆಯುತ್ತಿರುತ್ತದೆ. ಆ ಮೈಯಲ್ಲಿ ಏನೂ ಗೊತ್ತಾಗದು. ಚಾಕುವಿನ ಮೊನೆಯಿಂದ ಮೇಲಿನಿಂದ ಕೆಳಕ್ಕೆ ಚೂರುಚೂರಾಗಿ ಕೆತ್ತಿ ಉದುರಿಸಿದ ಮೇಲೆಯೇ ನಿಜವಾದ ಹೆಂಟೆಗಳು, ಬೇರಿನ ದಾರಿಗಳು, ಬಣ್ಣದ ಗೆರೆಗಳು ಹೊರಬೀಳುತ್ತವೆ.

ಮೊದಲು ನೋಡುವುದು ಕಣಗಳ ಗಾತ್ರ. ಹಿಡಿ ಮಣ್ಣನ್ನು ನೀರು ಹಾಕಿ ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ಪಟ್ಟಿಯಾಗಿ ತಳ್ಳುತ್ತಾರೆ. ಮರಳುಮಣ್ಣು ಪಟ್ಟಿಯಾಗುವುದೇ ಇಲ್ಲ. ಗೋಡುಮಣ್ಣಿನ ಪಟ್ಟಿ ಎರಡು ಮೂರು ಸೆಂಟಿಮೀಟರಿಗೆ ಮುರಿಯುತ್ತದೆ. ಜೇಡಿಯದು ಐದು ಸೆಂಟಿಮೀಟರ್ ದಾಟಿಯೂ ಬಾಗಿ ತೂಗುತ್ತದೆ. ಪಳಗಿದ ಕೈಗೆ ಇಷ್ಟು ಸಾಕು. ದಾಖಲೆ ಬೇಕಿದ್ದರೆ ಪ್ರಯೋಗಾಲಯದಲ್ಲಿ ಜರಡಿ ಮತ್ತು ಹೈಡ್ರೋಮೀಟರ್ ವಿಶ್ಲೇಷಣೆ ಮಾಡಿಸಬಹುದು. ಎರಡನೆಯದು ರಚನೆ, ಅಂದರೆ ಕಣಗಳು ಹೇಗೆ ಹೆಂಟೆಗಟ್ಟಿವೆ ಎಂಬುದು. ಕಾಳುಕಾಳಾಗಿ ಉದುರುವ ಜೇಡಿಮಣ್ಣು ನೀರು ಬಿಟ್ಟುಕೊಡುತ್ತದೆ. ಬಿಲ್ಲೆ ಬಿಲ್ಲೆಯಾಗಿ ಅಡ್ಡಕ್ಕೆ ಕೂತ ಅಥವಾ ಹೆಂಟೆಯೇ ಇಲ್ಲದೆ ಇಡಿಯಾಗಿ ಗಟ್ಟಿಯಾದ ಪದರ ಅದೇ ಪ್ರಮಾಣದ ಜೇಡಿಯಿದ್ದರೂ ನೀರನ್ನು ತಡೆದು ನಿಲ್ಲಿಸುತ್ತದೆ. ಲಾರಿ ಓಡಾಡಿದ, ಇಟ್ಟಿಗೆ ಜಲ್ಲಿ ರಾಶಿ ಹಾಕಿದ ಜಾಗ ಮೊದಲು ಹೇಗಿದ್ದರೂ ಈ ಗುಂಪಿಗೆ ಸೇರಿಬಿಡುತ್ತದೆ. ತುಂಬುಮಣ್ಣು ಹಾಕಿದ ಕೆರೆಯಂಗಳದ ಬಡಾವಣೆಗಳಲ್ಲಿ ಮೇಲೆ ಒಳ್ಳೆಯ ಕೆಮ್ಮಣ್ಣು, ಒಂದು ಮೀಟರ್ ಕೆಳಗೆ ಕೆರೆಗೋಡು ಸಿಗುವುದು ಸಾಮಾನ್ಯ. ಮೇಲ್ಮಣ್ಣಿನ ಪರೀಕ್ಷೆಯನ್ನೇ ನಂಬಿದವರು ಇಂಥ ಕಡೆ ಮೋಸಹೋಗುತ್ತಾರೆ.

ಮೂರನೆಯದು ಬಣ್ಣ. ಗಾಳಿಯಾಡುವ ಮಣ್ಣಿನಲ್ಲಿ ಕಬ್ಬಿಣ ಕೆಂಪು, ಕಂದು, ಹಳದಿಯ ಬಣ್ಣ ಕೊಡುತ್ತದೆ. ವರ್ಷದಲ್ಲಿ ಕೆಲವು ವಾರ ನೀರು ನಿಲ್ಲುವ ಪದರದಲ್ಲಿ ಸೂಕ್ಷ್ಮಜೀವಿಗಳು ಆಮ್ಲಜನಕಕ್ಕೆ ಬದಲು ಕಬ್ಬಿಣದ ಆಕ್ಸೈಡನ್ನು ಬಳಸಿಕೊಳ್ಳುತ್ತವೆ. ಕಬ್ಬಿಣ ಕರಗಿ ಸರಿದು, ಬೂದು ಹಿನ್ನೆಲೆಯಲ್ಲಿ ತುಕ್ಕಿನ ಮಚ್ಚೆಗಳು ಉಳಿಯುತ್ತವೆ. ಬೇಸಗೆಯಲ್ಲಿ ಗುಂಡಿ ಒಣಗಿದ್ದರೂ ಮಳೆಗಾಲದ ನೀರಿನ ಮಟ್ಟವನ್ನು ಈ ಮಚ್ಚೆಗಳು ಹೇಳುತ್ತವೆ. ಮನ್ಸೆಲ್ ಬಣ್ಣದ ಪಟ್ಟಿಯ ಪಕ್ಕದಲ್ಲಿ ಹಸಿ ಹೆಂಟೆಯನ್ನು ಹಿಡಿದು ಬಣ್ಣದ ಅಂಕ ಬರೆದುಕೊಳ್ಳುವುದು ವಾಡಿಕೆ. ಆದರೆ ಈ ಕುರುಹು ಎಲ್ಲ ಕಡೆಗೂ ಒಂದೇ ಸಮನೆ ಒದಗದು. ಎರೆಮಣ್ಣಿನ ಕಪ್ಪು ಮಚ್ಚೆಗಳನ್ನು ಮುಚ್ಚಿಹಾಕುತ್ತದೆ. ಕರಾವಳಿಯ ಜಂಬಿಟ್ಟಿಗೆ ನೆಲದ ಕೆಳಪದರದಲ್ಲಿ ಕೆಂಪು ಬಿಳಿ ಚಿತ್ತಾರ ಎದ್ದು ಕಾಣುತ್ತದೆ, ಆದರೆ ಅದು ಬಹುಕಾಲ ಹಿಂದೆ ಕಲ್ಲು ಕೊಳೆತು ಮಣ್ಣಾದಾಗಿನ ಗುರುತಾಗಿರಬಹುದು, ಇಂದಿನ ನೀರಿನ ಮಟ್ಟದ್ದಲ್ಲ. ಅಂಥಲ್ಲಿ ಆಗಸ್ಟಿನಲ್ಲಿ ಅಕ್ಕಪಕ್ಕದ ಬಾವಿಗಳಿಗೆ ಹಗ್ಗ ಇಳಿಸಿ ನೋಡುವುದೇ ಹೆಚ್ಚು ವಿಶ್ವಾಸಾರ್ಹ.

ಇಂಗುವಿಕೆಯ ಪರೀಕ್ಷೆ

ಫ್ರಾನ್ಸಿನ ಝಾನ್ ಲೂಯಿ ಮುರಾ 1881ರಲ್ಲಿ ಪೇಟೆಂಟ್ ಪಡೆದ ತೊಟ್ಟಿ ಇಂದಿನ ಟ್ಯಾಂಕಿನ ಪೂರ್ವಜ; 1890ರ ದಶಕದ ನಡುವೆ ಇಂಗ್ಲೆಂಡಿನ ಎಕ್ಸೆಟರಿನಲ್ಲಿ ಡೊನಾಲ್ಡ್ ಕ್ಯಾಮರನ್ ಅದಕ್ಕೆ ಸೆಪ್ಟಿಕ್ ಟ್ಯಾಂಕ್ ಎಂಬ ಹೆಸರು ಕೊಟ್ಟನು. ಟ್ಯಾಂಕು ಹರಡಿದ ಮೇಲೂ ಮೂರು ದಶಕ ನೆಲದ ಪಾಲಿನ ಕೆಲಸ ಅಂದಾಜಿನಲ್ಲೇ ನಡೆಯಿತು. 1920ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಎಂಜಿನಿಯರ್ ಹೆನ್ರಿ ರಯಾನ್, ವರ್ಷಗಟ್ಟಲೆ ಬಳಕೆಯಲ್ಲಿದ್ದು ಸೋಲುವ ಹಂತಕ್ಕೆ ಬಂದ ಇಂಗುಕಾಲುವೆಗಳ ಪಕ್ಕದಲ್ಲಿ ಒಂದಡಿ ಚೌಕದ ಕುಳಿ ತೆಗೆದು, ಆರಿಂಚು ನೀರು ಹುಯ್ದು, ಅದು ಒಂದು ಇಂಚು ಇಳಿಯಲು ಬೇಕಾದ ಹೊತ್ತನ್ನು ಗುರುತಿಸಿದನು. ಆ ಕಾಲುವೆಗೆ ದಿನಕ್ಕೆ ಬೀಳುತ್ತಿದ್ದ ನೀರಿನ ಜೊತೆ ಈ ಹೊತ್ತನ್ನು ಹೋಲಿಸಿ, ನೆಲ ತಡೆದುಕೊಳ್ಳಬಲ್ಲ ಹೊರೆಯ ವಕ್ರರೇಖೆಯೊಂದನ್ನು ಎಳೆದನು. ರಯಾನನ ರೇಖೆ ಪೂರ್ತಿ ಅನುಭವಜನ್ಯ. ಅದರ ಹಿಂದೆ ಮಣ್ಣಿನಲ್ಲಿ ನೀರು ಚಲಿಸುವ ಸಿದ್ಧಾಂತವಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಊರಾಚೆ ಬಡಾವಣೆಗಳು ಎದ್ದಾಗ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆ ಸಿನ್ಸಿನಾಟಿಯ ಕೇಂದ್ರದಲ್ಲಿ ಈ ವಿಧಾನವನ್ನು ಪರಿಷ್ಕರಿಸಿ 1957ರ ಕೈಪಿಡಿಯಲ್ಲಿ ಪ್ರಕಟಿಸಿತು. ಭಾರತೀಯ ಮಾನಕ ಬ್ಯೂರೊದ ಐಎಸ್ 2470 ಸಂಹಿತೆಯಲ್ಲಿರುವ ಪರೀಕ್ಷೆ ಹಂತಹಂತದಲ್ಲೂ ಇದನ್ನೇ ಹೋಲುತ್ತದೆ.

ಸಂಹಿತೆಯ ಕ್ರಮ ಹೀಗಿದೆ. ಯೋಜಿತ ಕಾಲುವೆಯ ಆಳಕ್ಕೆ 100ರಿಂದ 300 ಮಿಲಿಮೀಟರ್ ಅಗಲದ, ನೇರ ಗೋಡೆಯ ಕುಳಿ ಕೊರೆಯಬೇಕು. ಸನಿಕೆ ಉಜ್ಜಿ ಮುಚ್ಚಿದ ರಂಧ್ರಗಳು ತೆರೆದುಕೊಳ್ಳುವಂತೆ ತಳ ಮತ್ತು ಗೋಡೆಯನ್ನು ಚೂಪಾದ ಮೊನೆಯಿಂದ ಗೀರಬೇಕು. ಸಡಿಲ ಮಣ್ಣನ್ನು ಎತ್ತಿಹಾಕಿ, ಹುಯ್ಯುವ ನೀರಿನ ರಭಸಕ್ಕೆ ತಳ ಕದಡದಂತೆ 50 ಮಿಲಿಮೀಟರ್ ಸಣ್ಣ ಜಲ್ಲಿ ಅಥವಾ ಮರಳು ಹಾಸಬೇಕು. ಅನಂತರ 300 ಮಿಲಿಮೀಟರ್ ಎತ್ತರಕ್ಕೆ ನೀರು ತುಂಬಿ, ಇಳಿದಷ್ಟೂ ಮತ್ತೆ ಹುಯ್ಯುತ್ತ, ಕನಿಷ್ಠ ನಾಲ್ಕು ಗಂಟೆ, ಸಾಧ್ಯವಾದರೆ ರಾತ್ರಿಯಿಡೀ, ನೆನೆಯಲು ಬಿಡಬೇಕು. ಅಳತೆ ಮರುದಿನ.

ಮರುದಿನ ನೀರನ್ನು ಜಲ್ಲಿಯ ಮೇಲೆ 150 ಮಿಲಿಮೀಟರಿಗೆ ಸರಿಪಡಿಸಿ, ಕುಳಿಗೆ ಅಡ್ಡಲಾಗಿಟ್ಟ ಪಟ್ಟಿಯಿಂದ ಅಳತೆಗೋಲು ಇಳಿಸಿ ನೋಡುತ್ತಾರೆ. ರಾತ್ರಿ ಕಳೆದರೂ ನೀರು ಉಳಿದಿದ್ದರೆ ಅರ್ಧ ಗಂಟೆಯ ಒಂದು ಅಳತೆ ಸಾಕು. ಕುಳಿ ಬತ್ತಿದ್ದರೆ ಪ್ರತಿ ಅರ್ಧ ಗಂಟೆಗೊಮ್ಮೆ ಅಳೆದು, ಮತ್ತೆ ತುಂಬಿ, ನಾಲ್ಕು ಗಂಟೆ ಮುಂದುವರಿಸಬೇಕು. ಕೊನೆಯ ಅರ್ಧ ಗಂಟೆಯ ಇಳಿತವೇ ಲೆಕ್ಕಕ್ಕೆ. ಮರಳುನೆಲದಲ್ಲಿ ಮೊದಲ 150 ಮಿಲಿಮೀಟರ್ ಅರ್ಧ ಗಂಟೆಯೊಳಗೇ ಇಂಗಿದರೆ ಹತ್ತು ನಿಮಿಷದ ಅಂತರದಲ್ಲಿ ಒಂದು ಗಂಟೆ ನಡೆಸುತ್ತಾರೆ. ಫಲಿತಾಂಶವನ್ನು ನೀರು 25 ಮಿಲಿಮೀಟರ್ ಇಳಿಯಲು ಹಿಡಿಯುವ ನಿಮಿಷಗಳಲ್ಲಿ ಹೇಳುವುದರಿಂದ ಅಂಕಿ ದೊಡ್ಡದಾದಷ್ಟೂ ನೆಲ ನಿಧಾನ. ಕೊನೆಯ 30 ನಿಮಿಷದಲ್ಲಿ 20 ಮಿಲಿಮೀಟರ್ ಇಳಿದಿದ್ದರೆ ದರ 37.5 ನಿಮಿಷ. ಜಾಗದ ಉದ್ದಗಲಕ್ಕೂ ಸಮನಾಗಿ ಹಂಚಿದ ಆರು ಅಥವಾ ಹೆಚ್ಚು ಕುಳಿಗಳು ಬೇಕೆಂದು ಅಮೆರಿಕದ ಕೈಪಿಡಿ ಹೇಳುತ್ತದೆ. ನಮ್ಮಲ್ಲಿ ಒಂದನ್ನಾದರೂ ತೆಗೆಸಿದ ಮನೆ ಕಟ್ಟುವವರು ಅಪರೂಪ.

ದರದಿಂದ ವಿಸ್ತೀರ್ಣ ತೆಗೆಯಲು ಬಳಸುವ ಸೂತ್ರದ ಪ್ರಕಾರ ಒಂದು ಚದರ ಮೀಟರ್ ನೆಲ ದಿನಕ್ಕೆ ತಡೆದುಕೊಳ್ಳುವ ಲೀಟರುಗಳು 204ನ್ನು ನಿಮಿಷಗಳ ವರ್ಗಮೂಲದಿಂದ ಭಾಗಿಸಿದಷ್ಟು. 37.5 ನಿಮಿಷದ ನೆಲಕ್ಕೆ ಇದು ಸುಮಾರು 33 ಲೀಟರ್. ಐದು ಮಂದಿಯ ಮನೆಯಿಂದ ದಿನಕ್ಕೆ 500 ಲೀಟರ್ ಬರುತ್ತದೆಂದು ಹಿಡಿದರೆ 15 ಚದರ ಮೀಟರ್ ತಳ ಬೇಕು. 60 ಸೆಂಟಿಮೀಟರ್ ಅಗಲದ ಕಾಲುವೆಯಾದರೆ 25 ಮೀಟರ್ ಉದ್ದ. ಕಾಲುವೆಯಲ್ಲಿ ತಳವನ್ನೂ ಆಳದ ಗುಂಡಿಯಲ್ಲಿ ಸುತ್ತುಗೋಡೆಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ, ಏಕೆಂದರೆ ಗುಂಡಿಯ ತಳ ಬೇಗ ಕಟ್ಟಿಕೊಳ್ಳುತ್ತದೆ. ದರ 30 ನಿಮಿಷದೊಳಗಿದ್ದರೆ ಇಂಗುಗುಂಡಿ ಅಥವಾ ಕಾಲುವೆ ಎರಡೂ ಆಗುತ್ತವೆ. 30ರಿಂದ 60ರವರೆಗೆ ಕಾಲುವೆ ಮಾತ್ರ. 60 ದಾಟಿದ ನೆಲ ಇಂಗಿಸಲು ಯೋಗ್ಯವಲ್ಲ. ಅತಿ ವೇಗಕ್ಕೂ ಮಿತಿ ಹಾಕಿದ ಸಂಹಿತೆಗಳಿವೆ. ನ್ಯೂಯಾರ್ಕಿನಲ್ಲಿ ಇಂಚಿಗೆ ಒಂದು ನಿಮಿಷಕ್ಕಿಂತ ಬೇಗ ಇಂಗುವ ನೆಲವನ್ನು ಹಾಗೆಯೇ ಬಳಸುವಂತಿಲ್ಲ. ಬ್ರಿಟನ್ನಿನಲ್ಲಿ 300 ಮಿಲಿಮೀಟರ್ ಚೌಕದ ಕುಳಿಯ ನೀರು ಮುಕ್ಕಾಲರಿಂದ ಕಾಲುಭಾಗಕ್ಕೆ ಇಳಿಯುವ ಸೆಕೆಂಡುಗಳನ್ನು 150ರಿಂದ ಭಾಗಿಸಿ, ಬಂದ ಅಂಕಿ ಸುಮಾರು 15ರಿಂದ 100ರ ನಡುವೆ ಬಿದ್ದರಷ್ಟೇ ಒಪ್ಪುತ್ತಾರೆ.

ಈ ಪರೀಕ್ಷೆಯ ದೊಡ್ಡ ದೌರ್ಬಲ್ಯ ಕುಳಿಯ ಅಗಲದಲ್ಲೇ ಇದೆ. ನೀರು ತಳದಿಂದಷ್ಟೇ ಅಲ್ಲ, ಗೋಡೆಯಿಂದಲೂ ಹೋಗುತ್ತದೆ. 150 ಮಿಲಿಮೀಟರ್ ನೀರಿರುವ 100 ಮಿಲಿಮೀಟರ್ ವ್ಯಾಸದ ದುಂಡುಕುಳಿಯಲ್ಲಿ ಒದ್ದೆಯಾದ ಒಟ್ಟು ಮೈ ತಳದ ಏಳು ಪಟ್ಟು. 300 ಮಿಲಿಮೀಟರ್ ವ್ಯಾಸದ್ದರಲ್ಲಿ ಮೂರು ಪಟ್ಟು. ಒಂದೇ ಮಣ್ಣು ಕಿರಿದಾದ ಕುಳಿಯಲ್ಲಿ ಎರಡು ಪಟ್ಟಿಗಿಂತ ವೇಗವಾಗಿ ಕಾಣಬಹುದು, ಸಂಹಿತೆ ಎರಡಕ್ಕೂ ಸಮ್ಮತಿ ಕೊಟ್ಟಿದೆ. ಅಗಲವನ್ನು ಬರೆಯದೆ ದರವನ್ನಷ್ಟೇ ಬರೆದ ವರದಿಯಿಂದ ಹೆಚ್ಚಿನ ಉಪಯೋಗವಿಲ್ಲ. ಅಳೆಯುವುದು ನಲ್ಲಿ ನೀರಿನಿಂದ, ಮುಂದೆ ಹರಿಯುವುದು ಲೋಳೆ ಕಟ್ಟುವ ಕೊಳಚೆ ಎಂಬ ಆಕ್ಷೇಪವೂ ಇದೆ. ಇವೆಲ್ಲದರಿಂದ ವಿಸ್ಕಾನ್ಸಿನ್, ನಾರ್ತ್ ಕ್ಯಾರೊಲಿನಾ ಮೊದಲಾದ ಅಮೆರಿಕದ ರಾಜ್ಯಗಳು ಗುಂಡಿಯಲ್ಲಿಳಿದು ಮಣ್ಣು ಓದುವ ಕ್ರಮಕ್ಕೆ ಒತ್ತು ಕೊಟ್ಟು, ಕಣ ಮತ್ತು ರಚನೆಗೆ ತಕ್ಕಂತೆ ದೀರ್ಘಕಾಲದ ಹೊರೆಯನ್ನು ಕೋಷ್ಟಕದಿಂದ ಗೊತ್ತುಮಾಡುತ್ತವೆ. ನಿಖರ ಅಳತೆಯೇ ಬೇಕೆನಿಸಿದಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ರೂಪುಗೊಂಡ ಗ್ವೆಲ್ಫ್ ಪರ್ಮಿಯಾಮೀಟರಿನಂಥ ಉಪಕರಣ ಬಳಸುತ್ತಾರೆ. ಕುಳಿಯಲ್ಲಿ ನೀರಿನ ಮಟ್ಟವನ್ನು ಒಂದೇ ಎತ್ತರಕ್ಕೆ ಹಿಡಿದು, ಆಕಾರದ ಪರಿಣಾಮವನ್ನು ಲೆಕ್ಕದಲ್ಲಿ ಕಳೆದು, ಅದು ಮಣ್ಣಿನ ನಿಜವಾದ ವಾಹಕತೆಯನ್ನು ಕೊಡುತ್ತದೆ.

ಕರ್ನಾಟಕದ ಮಣ್ಣುಗಳು

ರಾತ್ರಿಯಿಡೀ ನೆನೆಸುವ ಹಂತ ಎಷ್ಟು ಮುಖ್ಯವೆಂಬುದು ಧಾರವಾಡ, ಗದಗ, ವಿಜಯಪುರ, ರಾಯಚೂರು, ಕಲಬುರಗಿ ಕಡೆಯ ಎರೆಭೂಮಿಯಲ್ಲಿ ಗೊತ್ತಾಗುತ್ತದೆ. ಈ ಮಣ್ಣಿನ ಜೇಡಿ ಮಾಂಟ್‌ಮೊರಿಲ್ಲೊನೈಟ್ ಜಾತಿಯದು. ಅದರ ಹಾಳೆಗಳ ನಡುವೆ ನೀರು ನುಗ್ಗಿ ಕಣವೇ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಎರೆಹೊಲ ಕೈ ತೂರುವಷ್ಟು ಬಿರಿದಿರುತ್ತದೆ, ಬಿರುಕು ಮೀಟರ್ ಆಳಕ್ಕೂ ಇಳಿಯುತ್ತದೆ. ಆಗ ಕುಳಿ ತೆಗೆದು ನೀರು ಹುಯ್ದರೆ ಬಕೆಟ್ಟುಗಟ್ಟಲೆ ನೀರು ಬಿರುಕುಗಳ ಪಾಲಾಗುತ್ತದೆ. ಇಂಗಿದ್ದು ಮಣ್ಣಿಗಲ್ಲ, ಬಿರುಕಿಗೆ. ನಾಲ್ಕು ಗಂಟೆಯ ನೆನೆತ ಕುಳಿಯ ಸುತ್ತಲಿನ ಅಂಗುಲವನ್ನು ಉಬ್ಬಿಸಬಹುದು, ಆಚೆಯ ಬಿರುಕುಗಳು ಬಾಯ್ದೆರೆದೇ ಇರುತ್ತವೆ. ಒಣನೆಲದಲ್ಲಿ ಆರು ನಿಮಿಷದ ದರ ಬಂದಿತೆಂದುಕೊಂಡರೆ ಮೇಲಿನ ಸೂತ್ರ ಆರೇ ಚದರ ಮೀಟರ್ ಸಾಕೆನ್ನುತ್ತದೆ. ಎರಡು ಮಳೆ ಬಿದ್ದು ಬಿರುಕು ಮುಚ್ಚಿದ ಮೇಲೆ ಅದೇ ಕುಳಿಯ ನೀರು ದಿನಗಟ್ಟಲೆ ಅಲುಗಾಡುವುದಿಲ್ಲ. ಅಲ್ಲಿಯ ಇಂಗುಗುಂಡಿ ಬೇಸಗೆಯಲ್ಲಿ ಕೆಲಸ ಮಾಡಿ ಶ್ರಾವಣದಲ್ಲಿ ಉಕ್ಕುವುದಕ್ಕೆ ಇದೇ ಕಾರಣ. ಗೃಹಬಳಕೆಯ ಸೋಪಿನ ಸೋಡಿಯಂ ಇಂಥ ಜೇಡಿಯನ್ನು ಇನ್ನಷ್ಟು ಕದಡಿ ರಂಧ್ರ ಮುಚ್ಚಿಸುತ್ತದೆ. ಎರೆಯಲ್ಲಿ ಪರೀಕ್ಷೆ ನಡೆಸುವುದಾದರೆ ಮಳೆಗಾಲದ ನಡುವೆ, ಇಲ್ಲವೇ ಕುಳಿಯ ಸುತ್ತ ಒಂದು ಮೀಟರ್ ದೂರದವರೆಗಿನ ನೆಲವನ್ನು ಹಲವು ದಿನ ತೋಯಿಸಿದ ಮೇಲೆ ನಡೆಸಬೇಕು. ಎರಡು ಮೀಟರಿನೊಳಗೆ ಸುಣ್ಣದ ಹರಳು ಬೆರೆತ ಮೊರಂ ಸಿಕ್ಕರೆ ಅದನ್ನು ಬೇರೆಯಾಗಿ ಅಳೆಯಬೇಕು; ಮೇಲಿನ ಎರೆ ನೀರು ಬಿಡದಿದ್ದರೂ ಕೆಳಗಿನ ಮೊರಂ ಬಿಡುವುದುಂಟು.

ಬೆಂಗಳೂರು, ಕೋಲಾರ, ತುಮಕೂರು ಸುತ್ತಿನ ಕೆಮ್ಮಣ್ಣು, ಉತ್ತರದ ಮಸಾರಿ ನೆಲ, ಇವೆರಡೂ ಹೆಚ್ಚು ಸರಳ. ಇಲ್ಲಿಯ ಜೇಡಿ ಬಹುಪಾಲು ಉಬ್ಬದ ಕೇಯೊಲಿನೈಟ್. ಕಬ್ಬಿಣದ ಆಕ್ಸೈಡುಗಳು ಕಣಗಳನ್ನು ಕಾಳುಗಟ್ಟಿಸಿರುತ್ತವೆ. ಒಣಗಿದಾಗ ನಡೆಸಿದ ಪರೀಕ್ಷೆಗೂ ಒದ್ದೆಯಾದಾಗಿನದಕ್ಕೂ ಎರೆಯಲ್ಲಿರುವಷ್ಟು ಅಂತರ ಬಾರದು. ತೊಂದರೆ ಬರುವುದು ಆಳದಲ್ಲಿ. ಎಲ್ಲೋ ಒಂದು ಮೀಟರ್, ಎಲ್ಲೋ ಹತ್ತು ಮೀಟರ್ ಕೆಳಗೆ ಕೊಳೆತ ಕಲ್ಲು, ಅದರಡಿ ಸೀಳು ಬಿದ್ದ ನೈಸ್ ಶಿಲೆ ಎದುರಾಗುತ್ತದೆ. ಸೀಳಿಗೆ ತಲುಪಿದ ನೀರು ಸೋಸದೆ ಕೊಳವೆಬಾವಿಯ ದಾರಿ ಹಿಡಿಯುತ್ತದೆ. ಬಂಡೆ ಸಿಕ್ಕಿದೊಡನೆ ಉಳಿ ಸುತ್ತಿಗೆಯಿಂದ ಒಡೆದು ಗುಂಡಿಯನ್ನು ಇನ್ನಷ್ಟು ಇಳಿಸುವ, ಇಂಗದಿದ್ದರೆ ತಳದಲ್ಲಿ ಬೋರ್ ಕೊರೆಸಿಬಿಡುವ ರೂಢಿ ಎಷ್ಟು ಅನುಕೂಲವೋ ಅಷ್ಟೇ ಕೆಟ್ಟದ್ದು. ಸುಣ್ಣಕಲ್ಲು ಮತ್ತು ಸೀಳುಬಂಡೆಯ ನೆಲದಲ್ಲಿ ಇಂಗಿಸುವ ವ್ಯವಸ್ಥೆ ಬೇಡವೆಂದು ಐಎಸ್ ಸಂಹಿತೆಯೇ ಹೇಳುತ್ತದೆ.

ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಗಳಲ್ಲಿ ಮೇಲೆ ತೂತುತೂತಾದ ಜಂಬಿಟ್ಟಿಗೆ, ಕೆಳಗೆ ಸೋಪಿನಂತೆ ಜಾರುವ ಶೇಡಿಮಣ್ಣು. ಜಂಬಿಟ್ಟಿಗೆಯಲ್ಲಿ ತೆಗೆದ ಕುಳಿ ಕ್ಷಣದಲ್ಲಿ ಬತ್ತಿ ಅತ್ಯುತ್ತಮ ದರ ಕೊಡಬಹುದು. ಆ ನೀರು ಶೇಡಿಯ ಮೇಲೆ ಬಂದು ನಿಂತು, ಇಳಿಜಾರು ಹಿಡಿದು ಅಡ್ಡಕ್ಕೆ ಹರಿದು, ಕೆಳಗಿನ ಮನೆಯ ತೋಟದ ದರೆಯಲ್ಲಿ ಒಸರುತ್ತದೆ, ಇಲ್ಲವೇ ಬಾವಿಗೆ ಸೇರುತ್ತದೆ. ಕುಳಿಯ ಅಂಕಿ ಒಳ್ಳೆಯದಿದ್ದೂ ಸ್ಥಳ ಕೆಟ್ಟದ್ದಾಗುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗದು. ಜೂನ್ ನಂತರ ಕರಾವಳಿಯ ತೆರೆದ ಬಾವಿಗಳ ನೀರು ಕೈಗೆಟಕುವಷ್ಟು ಮೇಲೇರುತ್ತದೆ. ಬೇಸಗೆಯಲ್ಲಿ ಆರು ಮೀಟರ್ ಒಣಗಿದ್ದ ನೆಲದಲ್ಲಿ ಗಾಳಿಯಾಡುವ ಮಣ್ಣು ಉಳಿಯುವುದೇ ಇಲ್ಲ. ಸಮುದ್ರದಂಚಿನ ಮರಳುಪಟ್ಟಿಯಲ್ಲಿ ನೀರು ಅತಿ ಬೇಗ ಇಂಗುವುದು, ಅಂತರ್ಜಲ ಮೇಲೇರುವುದು, ಈ ಎರಡೂ ದೋಷ ಒಟ್ಟಿಗಿವೆ.

ಬಾವಿಯ ದೂರ

ಐಎಸ್ ಸಂಹಿತೆ ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ 18 ಮೀಟರ್, ವಾಸದ ಕಟ್ಟಡಕ್ಕೆ 6 ಮೀಟರ್ ಅಂತರ ಕೇಳುತ್ತದೆ. ಮೂವತ್ತು ನಲವತ್ತರ ಸೈಟಿನಲ್ಲಿ ಇದು ಅಸಾಧ್ಯ: ಅದರ ಮೂಲೆಯಿಂದ ಮೂಲೆಗೆ 50 ಅಡಿ, ಅಂದರೆ ಸುಮಾರು 15 ಮೀಟರ್. ಹಳ್ಳಿಯ ಜೋಡಿಗುಂಡಿ ಶೌಚಾಲಯಗಳಿಗೆ ಕೇಂದ್ರ ಸರ್ಕಾರದ ಕೈಪಿಡಿ ಮಣ್ಣನ್ನು ನೋಡಿ ದೂರ ಹೇಳುತ್ತದೆ. ಮಣ್ಣಿನ ಪರಿಣಾಮಕ ಕಣಗಾತ್ರ 0.2 ಮಿಲಿಮೀಟರ್ ಅಥವಾ ಕಡಿಮೆಯಿದ್ದು, ಗುಂಡಿಯ ತಳ ವರ್ಷವಿಡೀ ಅಂತರ್ಜಲಕ್ಕಿಂತ 2 ಮೀಟರ್ ಮೇಲಿದ್ದರೆ 3 ಮೀಟರ್ ಸಾಕು. ತಳ ಅದಕ್ಕಿಂತ ಕೆಳಗಿದ್ದರೆ 10 ಮೀಟರ್ ಬೇಕು. ಮಣ್ಣು ದಪ್ಪ ಮರಳಾಗಿದ್ದರೆ ತಳವನ್ನು ಮುಚ್ಚಿ ಸುತ್ತ 50 ಸೆಂಟಿಮೀಟರ್ ನಯವಾದ ಮರಳಿನ ಹೊದಿಕೆ ಕೊಡಬೇಕು. ಮಣ್ಣಿನ ಗುಣವನ್ನು ದೂರದೊಡನೆ ಹೊಂದಿಸಿದ ಈ ನಿಯಮ 18 ಮೀಟರಿನ ಒಂದೇ ಗೆರೆಗಿಂತ ಹೆಚ್ಚು ವಿವೇಕದ್ದು.

ದೂರವೂ ಮಣ್ಣೂ ತಡೆಯಲಾರದ ವಸ್ತುವೊಂದಿದೆ. ಟ್ಯಾಂಕಿನ ನೀರಿನ ಅಮೋನಿಯ ಗಾಳಿಯಾಡುವ ಮಣ್ಣಿನಲ್ಲಿ ನೈಟ್ರೇಟ್ ಆಗಿ, ಯಾವ ಕಣಕ್ಕೂ ಅಂಟದೆ ನೀರಿನೊಡನೆ ಇಳಿದುಹೋಗುತ್ತದೆ. ರೋಗಾಣುಗಳನ್ನು ತಡೆಯುವ ಒಳ್ಳೆಯ ಮಣ್ಣೇ ನೈಟ್ರೇಟನ್ನು ತಯಾರಿಸುತ್ತದೆ. ಕುಡಿಯುವ ನೀರಿನಲ್ಲಿ ಅದರ ಭಾರತೀಯ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ನಡೆಸಿದ ಅಧ್ಯಯನ ಅಂತರ್ಜಲದ ನೈಟ್ರೇಟಿಗೂ ಮನೆಮನೆಯ ಗುಂಡಿ ಶೌಚಾಲಯಗಳಿಗೂ ಇರುವ ನಂಟನ್ನು ತೋರಿಸಿತು. ಹೀಗಾಗಿ ಒಂದೊಂದು ಸೈಟೂ ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಇಡೀ ಬಡಾವಣೆ ತೇರ್ಗಡೆಯಾಗದಿರಬಹುದು. ಎಕರೆಗೆ ಎಷ್ಟು ಮನೆ ಎಂಬ ಲೆಕ್ಕವನ್ನು ಕುಳಿ ಹೇಳದು.

ನೆಲ ಒಗ್ಗದಿದ್ದಾಗ

ಅಂತರ್ಜಲ 180 ಸೆಂಟಿಮೀಟರಿಗಿಂತ ಮೇಲಿದ್ದು ಮಣ್ಣು ನೀರು ಬಿಡುವಂಥದ್ದಾದರೆ ಕಾಲುವೆಯನ್ನು ಭಾಗಶಃ ಅಥವಾ ಪೂರ್ತಿ ನೆಲದ ಮೇಲೆ, ದಿಬ್ಬದೊಳಗೆ ಕಟ್ಟಬೇಕೆಂದು ಸಂಹಿತೆ ಸೂಚಿಸುತ್ತದೆ. ಉತ್ತರ ಡಕೋಟಾದಲ್ಲಿ 1940ರ ದಶಕದಲ್ಲಿ ಶುರುವಾದ ಈ ದಿಬ್ಬದ ಉಪಾಯವನ್ನು ವಿಸ್ಕಾನ್ಸಿನ್ ಸಂಶೋಧಕರು ತಿದ್ದಿ ಪ್ರಸಿದ್ಧಗೊಳಿಸಿದರು: ಉತ್ತ ನೆಲದ ಮೇಲೆ ಆಯ್ದ ಮರಳು ಪೇರಿಸಿ, ಅದರೊಳಗಿನ ಜಲ್ಲಿಹಾಸಿಗೆ ಪಂಪಿನಿಂದ ಅಳತೆಗೆ ತಕ್ಕಂತೆ ನೀರು ಬಿಡುತ್ತಾರೆ. ದರ 60 ನಿಮಿಷ ದಾಟಿದ ಎರೆಯಂಥ ನೆಲದಲ್ಲಿ ಇಂಗಿಸುವ ಆಸೆ ಬಿಟ್ಟು, ಟ್ಯಾಂಕಿನ ಮುಂದೆ ಜಲ್ಲಿ ತುಂಬಿದ ಮೇಲ್ಮುಖ ಹರಿವಿನ ಶೋಧಕ ಅಥವಾ ಜೈವಿಕ ಶೋಧಕ ಕಟ್ಟಿ, ಹೊರಬಂದ ನೀರನ್ನು ಚರಂಡಿಗೆ ಅಥವಾ ಗಿಡಗಳಿಗೆ ಬಿಡುವುದು ಕ್ರಮ. ಬಚ್ಚಲ ನೀರಿಗೆ ಬಾಳೆ, ಕೆಸುವು ನೆಡುವ ಹಳೆಯ ರೂಢಿ ಟ್ಯಾಂಕಿನ ಹೊರೆಯನ್ನು ಚೆನ್ನಾಗಿಯೇ ತಗ್ಗಿಸುತ್ತದೆ, ಬಚ್ಚಲನ್ನು ಶೌಚದಿಂದ ಬೇರ್ಪಡಿಸಿದ್ದರೆ.

ಪರೀಕ್ಷೆಯಲ್ಲಿ ಯೋಗ್ಯವೆನಿಸಿದ ನೆಲವೂ ತೋಡುವಾಗ ಕೆಡಬಹುದು. ಜೇಡಿ ಬೆರೆತ ಮಣ್ಣನ್ನು ಹಸಿಯಿದ್ದಾಗ ಅಗೆದರೆ ಸನಿಕೆಯೇ ಗೋಡೆಯ ರಂಧ್ರಗಳನ್ನು ಸಾರಿಸಿ ಮುಚ್ಚುತ್ತದೆ. ಮುಷ್ಟಿಯಲ್ಲಿ ಹಿಸುಕಿದ ಮಣ್ಣು ಉಂಡೆಗಟ್ಟದೆ ಪುಡಿಯಾಗುವ ಹದದಲ್ಲಿ ಅಗೆಯಬೇಕು, ಪರೀಕ್ಷೆ ನಡೆದ ಜಾಗಕ್ಕೆ ಕಟ್ಟಡ ಮುಗಿಯುವವರೆಗೂ ಬೇಲಿ ಕಟ್ಟಿ ವಾಹನ ಬಿಡಬಾರದು, ಕಾಲುವೆಯ ತಳ ಗೋಡೆಗಳನ್ನು ಕುಳಿಯಲ್ಲಿ ಮಾಡಿದಂತೆಯೇ ಗೀರಿ ಜಲ್ಲಿ ಹಾಕಬೇಕು. ಒಂದು ಕಾಲುವೆಯ ಉದ್ದ 30 ಮೀಟರ್ ಮೀರದಂತೆ, ಎರಡು ಕಾಲುವೆಗಳ ನಡುವೆ ಕನಿಷ್ಠ 2 ಮೀಟರ್ ಇರುವಂತೆ ಹಂಚುತ್ತಾರೆ. ಪೊರೆ ಕಟ್ಟಿ ಒಂದು ಸಾಲು ನಿಧಾನವಾದಾಗ ನೀರನ್ನು ಇನ್ನೊಂದಕ್ಕೆ ತಿರುಗಿಸಿ ಮೊದಲನೆಯದನ್ನು ಕೆಲವು ತಿಂಗಳು ಒಣಗಲು ಬಿಟ್ಟರೆ ಪೊರೆ ಕೊಳೆತು ನೆಲ ಬಹುಮಟ್ಟಿಗೆ ಮತ್ತೆ ಹೀರತೊಡಗುತ್ತದೆ. ಪರೀಕ್ಷೆಯ ವೇಳೆಯಲ್ಲೇ ಈ ಎರಡನೆಯ ಸಾಲಿಗೂ ಜಾಗ ಅಳೆದು ಕಾದಿರಿಸುವುದು ಅದಕ್ಕಾಗಿಯೇ.